ನಮಗೂ ಕೂರಲು ಒಂದಿಷ್ಟು ಜಾಗ ಕೊಡಿ: ಪ್ರೈಡ್ ಮೇಳದ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ಬೆಂಗಳೂರಿನಲ್ಲಿ ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರ ಸಮುದಾಯ ಮೇಳವನ್ನು ನಡೆಸಿದ ಸಮಿತಿಯ ಗೌರವಾನ್ವಿತ ಸದಸ್ಯರಿಗೆ,

ನಮಸ್ಕಾರಗಳು.

ನಾನು ಅರಸೀಕೆರೆಯಲ್ಲಿ ಒಂದು ಸಣ್ಣ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವನು. ವಯಸ್ಸು 57. ನಾನು ಸಲಿಂಗಿ ಎಂಬುದು ಊರಿನಲ್ಲಿ ಇಬ್ಬರಿಗೆ ಬಿಟ್ಟರೆ ಬೇರೆಯವರಿಗೆ ತಿಳಿಯದು. ದೂರು ಹೇಳುವವನು ಹೆಸರು ಹಾಕಬೇಕು ಎಂಬ ನ್ಯಾಯ ನನಗೂ ಗೊತ್ತಿದೆ. ಆದರೆ ಅಂಗಡಿಯ ಕಟ್ಟಡದ ಮಾಲೀಕರನ್ನು, ಮದುವೆಯ ವಯಸ್ಸಿಗೆ ಬಂದಿರುವ ತಂಗಿಯ ಮಗಳನ್ನು ನೆನೆದು ಹೆಸರನ್ನು ತಡೆದಿಟ್ಟಿದ್ದೇನೆ. ಇಲ್ಲಿ ಬರೆದಿರುವ ಒಂದೊಂದು ಮಾತಿಗೂ ನಾನೇ ಹೊಣೆ.

ಮೇಳವೇ ಬೇಡ ಎನ್ನುವವರ ಸಾಲಿನಲ್ಲಿ ನಿಂತು ಇದನ್ನು ಬರೆಯುತ್ತಿಲ್ಲ. ಅಂಥವರು ಬೇಕಾದಷ್ಟು ಜನ ಇದ್ದಾರೆ. ಅವರ ಕೈಗೆ ಈ ಕಾಗದ ಸಿಕ್ಕರೆ ಏನೇನು ಆಡಿಕೊಂಡಾರೋ ಎಂಬ ಹೆದರಿಕೆಯಿಂದಲೇ ಎರಡು ತಿಂಗಳು ಸುಮ್ಮನಿದ್ದೆ. ನೀವು ಕೆಲಸಕ್ಕೆ ರಜೆ ಹಾಕಿ, ಕಚೇರಿಯಿಂದ ಕಚೇರಿಗೆ ಅಲೆದು ಅನುಮತಿ ಪಡೆದು, ದುಡ್ಡು ಹೊಂದಿಸಿ ಆ ಮೈದಾನದಲ್ಲಿ ಬಣ್ಣದ ತೋರಣ ಕಟ್ಟಿದಿರಿ. ಅಂದು ಅಲ್ಲಿ ಇಪ್ಪತ್ತು ವರ್ಷದ ಮಕ್ಕಳು ಮುಖ ಮುಚ್ಚಿಕೊಳ್ಳದೆ, ಕೈ ಕೈ ಹಿಡಿದು ಓಡಾಡುವುದನ್ನು ಕಂಡು ನನ್ನ ಕಣ್ಣು ತುಂಬಿತು. ಅದಕ್ಕಾಗಿ ನಿಮಗೆ ಕೈಮುಗಿಯುತ್ತೇನೆ. ಮೇಳ ನಮ್ಮದು ಎಂದು ನಂಬಿ ಬಂದದ್ದರಿಂದಲೇ ಅಂದಿನ ನೋವು ಇನ್ನೂ ಇಳಿದಿಲ್ಲ.

ನನ್ನ ಜೊತೆ ಬಂದಿದ್ದವರು ತುಮಕೂರಿನಲ್ಲಿರುವ ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆ. ನನಗಿಂತ ಆರು ವರ್ಷ ಹಿರಿಯರು. ಮೂವತ್ತು ವರ್ಷದಿಂದ ನಾನು ಅವರನ್ನು ಅಕ್ಕ ಎಂದು ಕರೆಯುತ್ತೇನೆ, ಅವರು ನನ್ನನ್ನು ತಮ್ಮ ಎನ್ನುತ್ತಾರೆ. ಹುಟ್ಟಿದ್ದು ಗದಗದ ಕಡೆ, ಹದಿನಾರನೆಯ ವಯಸ್ಸಿನಲ್ಲಿ ಮನೆಯಿಂದ ಹೊರಬಿದ್ದವರು. ಈಗ ಬೇಡುವುದನ್ನು ಬಿಟ್ಟು ಕೌದಿ ಹೊಲಿದು ಬದುಕುತ್ತಿದ್ದಾರೆ. ನನ್ನ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಬಟ್ಟೆಗಳನ್ನು ಚೀಲದಲ್ಲಿ ತುಂಬಿಟ್ಟು ತಿಂಗಳಿಗೊಮ್ಮೆ ಅವರಿಗೆ ತಲುಪಿಸುತ್ತೇನೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಆ ತುಂಡುಗಳನ್ನು ಜೋಡಿಸಿ, ಇಡೀ ಕೌದಿಯನ್ನು ಕೈಯಲ್ಲೇ ಸಾಲು ಸಾಲಾಗಿ ಹೊಲಿಯುತ್ತಾರೆ. ಒಂದಕ್ಕೆ ಇಪ್ಪತ್ತು ದಿನ ಹಿಡಿಯುತ್ತದೆ. 1,800 ರೂಪಾಯಿಗೆ ಮಾರುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಎಡಮಂಡಿ ಪೂರ್ತಿ ಮಡಚಲು ಬರುವುದಿಲ್ಲ. ಈ ಎರಡು ಸಂಗತಿಗಳನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

ನಿಮ್ಮ ಮೇಳದ ಸುದ್ದಿ ಗೊತ್ತಾದ ಮೇಲೆ ಅಕ್ಕ ಐದು ಕೌದಿ ಸಿದ್ಧಮಾಡಿದರು. ಅದರಲ್ಲಿ ಒಂದು ಮೇಳಕ್ಕೆಂದೇ ಹೊಲಿದದ್ದು: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಆರೂ ಬಣ್ಣದ ಪಟ್ಟಿಗಳು. ನೇರಳೆ ಬಣ್ಣದ ತುಂಡು ಸಾಲದೆ ನಾನು ಅರಸೀಕೆರೆಯ ಪೇಟೆಯಲ್ಲಿ ಹುಡುಕಿ ಮುಕ್ಕಾಲು ಮೀಟರ್ ಹೊಸ ಬಟ್ಟೆಯನ್ನೇ ಕೊಂಡು ಕಳಿಸಿದ್ದೆ. ಅಷ್ಟು ಆಸೆಯಿತ್ತು ನಮಗೆ.

ಬೆಳಗ್ಗೆ ನಾಲ್ಕಕ್ಕೆ ಎದ್ದು, ರೈಲು ಹಿಡಿದು ಹೊರಟೆ. ತುಮಕೂರಿನಲ್ಲಿ ಅಕ್ಕ ಎರಡು ಗಂಟು ಹೊತ್ತುಕೊಂಡು ಅದೇ ರೈಲು ಹತ್ತಿದರು. ಯಶವಂತಪುರದಲ್ಲಿ ಇಳಿದು ಬಿಎಂಟಿಸಿ ಬಸ್ಸು ಹತ್ತಿದೆವು. ನಿರ್ವಾಹಕರು ಅಕ್ಕನ ಮುಖ ನೋಡಿದರು, ಗುರುತಿನ ಚೀಟಿ ನೋಡಿದರು, ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು. ಎರಡನೆಯ ಮಾತಿಲ್ಲ. 2023ರ ಜೂನ್‌ನಲ್ಲಿ ಆ ಯೋಜನೆ ಬಂದಾಗ ಮಹಿಳೆಯರ ಜೊತೆ ಲಿಂಗತ್ವ ಅಲ್ಪಸಂಖ್ಯಾತರನ್ನೂ ಸೇರಿಸಿದ್ದರಿಂದ ಅಕ್ಕನಂಥವರಿಗೆ ಎಷ್ಟು ಅನುಕೂಲವಾಗಿದೆ ಎಂಬುದನ್ನು ಬಸ್ಸಿನಲ್ಲಿ ಓಡಾಡುವವರೇ ಬಲ್ಲರು. ಈ ಬಸ್ಸಿನ ಮಾತನ್ನು ಯಾಕೆ ಬರೆದೆನೆಂದರೆ, ಅಂದು ನಮ್ಮನ್ನು ಏನೂ ಕೇಳದೆ ಒಳಗೆ ಬಿಟ್ಟುಕೊಂಡದ್ದು ಅದೊಂದೇ.

ಮೈದಾನದ ಬಾಗಿಲಲ್ಲಿ ಸಾಲು ಆಗಲೇ ಬೆಳೆದಿತ್ತು. ಹತ್ತೂಮುಕ್ಕಾಲಕ್ಕೆ ನಿಂತವರು ಹನ್ನೊಂದೂವರೆಗೆ ಬಾಗಿಲ ಮುಂದೆ ಬಂದೆವು. ಅಷ್ಟು ಹೊತ್ತೂ ತಲೆಯ ಮೇಲೆ ಮಾರ್ಚ್ ತಿಂಗಳ ಬಿಸಿಲು. ಬಾಗಿಲಲ್ಲಿ ನಿಂತ ಸ್ವಯಂಸೇವಕರು ಮೊಬೈಲಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ಎಂದರು. ಪ್ರವೇಶ ಉಚಿತ, ಆದರೆ ಮೊದಲೇ ನೋಂದಾಯಿಸಿರಬೇಕಂತೆ. ಅಕ್ಕನ ಬಳಿ ಇರುವುದು ಗುಂಡಿ ಒತ್ತುವ ಹಳೆಯ ಫೋನು. ನನ್ನ ಫೋನಿನಲ್ಲಿ ನೋಂದಾಯಿಸೋಣವೆಂದರೆ ನಮೂನೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಾನು ಓದಿದ್ದು ಏಳನೆಯ ತರಗತಿ. ನಮ್ಮ ಹಿಂದೆ ನಿಂತಿದ್ದ, ರಾಯಚೂರಿನಿಂದ ಬಂದಿದ್ದ ಒಬ್ಬ ಹುಡುಗಿ ನನ್ನ ಕೈಯಿಂದ ಫೋನು ತೆಗೆದುಕೊಂಡು ಇಬ್ಬರ ಹೆಸರನ್ನೂ ತುಂಬಿಕೊಟ್ಟಳು. ಅವಳೂ ಟ್ರಾನ್ಸ್‌ಜೆಂಡರ್. ರಾತ್ರಿಯಿಡೀ ಪ್ರಯಾಣ ಮಾಡಿ ಬಂದಿದ್ದಳು.

ಆಮೇಲೆ ಗಂಟುಗಳ ಪ್ರಶ್ನೆ ಎದ್ದಿತು. ಮಳಿಗೆ ಕಾದಿರಿಸಿದವರು ಮಾತ್ರ ಮಾರಾಟದ ಸಾಮಾನು ಒಳಗೆ ತರಬೇಕು ಎಂದರು. ಮಳಿಗೆಗೆ ದಿನಕ್ಕೆ 4,000 ರೂಪಾಯಿ, ಕಾದಿರಿಸುವ ಕೊನೆಯ ದಿನ ಮುಗಿದು ತಿಂಗಳಾಗಿದೆ ಎಂದರು. ಐದು ಕೌದಿಯೂ ಮಾರಾಟವಾದರೆ ಅಕ್ಕನಿಗೆ ಬರುವುದು 9,000. ನೂರು ದಿನದ ದುಡಿಮೆ ಅದು. ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಒಂದು ದಿನದ ಮೇಜಿಗೆ ಕೊಡಬೇಕೆಂಬ ಲೆಕ್ಕವನ್ನು ಯಾರು ಹಾಕಿದರೋ ತಿಳಿಯದು. ಕಂಪನಿಗಳ ಮಳಿಗೆಗಳಿಗೆ ಆ ದರ ದೊಡ್ಡದಿರಲಾರದು. ತುಮಕೂರಿನಿಂದ ಗಂಟು ಹೊತ್ತು ಬಂದವರಿಗೂ ಅದೇ ದರವೇ? ಗಂಟುಗಳನ್ನು ಬಾಗಿಲ ಪಕ್ಕದ ಮೇಜಿನ ಕೆಳಗೆ ಇಡಿಸಿದರು. ನಮ್ಮ ನೀರಿನ ಬಾಟಲಿಗಳನ್ನೂ, ಅಕ್ಕ ಕಟ್ಟಿಕೊಂಡು ಬಂದಿದ್ದ ರೊಟ್ಟಿ ಪಲ್ಯದ ಡಬ್ಬಿಯನ್ನೂ ಅಲ್ಲೇ ಇಡಿಸಿದರು. ಹೊರಗಿನ ಆಹಾರ ಒಯ್ಯುವಂತಿಲ್ಲವಂತೆ. "ನನಗೆ ಸಕ್ಕರೆ ಇದೆ, ಹೊತ್ತಿಗೆ ಸರಿಯಾಗಿ ಊಟ ಬೇಕು" ಎಂದು ಅಕ್ಕ ಹೇಳಿದರು. ಒಳಗೆ ಎಲ್ಲ ಸಿಗುತ್ತದೆ ಎಂದು ಉತ್ತರ ಬಂತು.

ಒಳಗೆ ಒಂದು ಊಟದ ತಟ್ಟೆಗೆ 250 ರೂಪಾಯಿ ಇತ್ತು. ಕುಡಿಯುವ ನೀರಿನ ಎರಡು ಕ್ಯಾನುಗಳು ಹನ್ನೆರಡೂವರೆಗೇ ಬರಿದಾಗಿದ್ದವು.

ಕಾನೂನು ಸಲಹೆಯ ಮೇಜೊಂದನ್ನು ಇಟ್ಟಿದ್ದಿರಿ. ಇಡೀ ಮೈದಾನದಲ್ಲಿ ಅಕ್ಕ ಹುಡುಕಿಕೊಂಡು ಹೋದ ಮೇಜು ಅದೊಂದೇ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆಯ 2019ರ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಯವರಿಂದ ಗುರುತಿನ ಪ್ರಮಾಣಪತ್ರ ಪಡೆಯಬಹುದು ಎಂದು ಅವರಿಗೆ ಗೊತ್ತು. ಆಧಾರ್‌ನಲ್ಲಿ ಒಂದು ಹೆಸರು, ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವಾಗ ಅರ್ಜಿಯನ್ನು ಹೇಗೆ ತುಂಬಬೇಕು ಎಂಬುದೇ ಅವರ ಪ್ರಶ್ನೆ. ಮೇಜಿನ ಹಿಂದಿದ್ದ ಇಬ್ಬರು ಯುವ ವಕೀಲರು ಬಹಳ ಸೌಜನ್ಯದಿಂದ ನಡೆದುಕೊಂಡರು. ಆದರೆ ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಕನಿಗೆ ಹಿಂದಿ ಅಷ್ಟಿಷ್ಟು ಬರುತ್ತದೆ, ಅದು ಬೇಡಿ ತಿನ್ನುವಾಗ ಕಲಿತ ಹಿಂದಿ. ಅದರಲ್ಲಿ ಪಡಿತರ ಚೀಟಿಯ ತಿದ್ದುಪಡಿಯನ್ನು ವಿವರಿಸಲು ಅವರಿಗೆ ಆಗಲಿಲ್ಲ. ರಾಯಚೂರಿನ ಹುಡುಗಿಯ ಪ್ರಶ್ನೆಯೂ ಅದೇ ಮೇಜಿನದು. ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇಕಡಾ 1ರ ಮೀಸಲಾತಿಯನ್ನು 2021ರಲ್ಲೇ ತಂದಿದೆ. ಅದಕ್ಕೆ ಯಾವ ಯಾವ ದಾಖಲೆ ಬೇಕೆಂದು ಕೇಳಲು ಅವಳು ಅಷ್ಟು ದೂರದಿಂದ ಬಂದಿದ್ದಳು. ಇಬ್ಬರಿಗೂ ಕೈಗೆ ಸಿಕ್ಕಿದ್ದು ನುಣುಪು ಕಾಗದದ, ನಾಲ್ಕು ಮಡಿಕೆಯ ಇಂಗ್ಲಿಷ್ ಕರಪತ್ರ.

ವೇದಿಕೆಯ ಮೇಲೂ ಅಷ್ಟೇ. "ಎಲ್ಲರಿಗೂ ನಮಸ್ಕಾರ" ಎಂಬ ಎರಡು ಪದ ಬಿಟ್ಟರೆ ಜೋಗತಿಯರು ಬರುವವರೆಗೆ ಕನ್ನಡ ಕೇಳಲಿಲ್ಲ. ಬೆಂಗಳೂರಿನಲ್ಲಿ ಎಲ್ಲ ಊರಿನ, ಎಲ್ಲ ಭಾಷೆಯ ಮಕ್ಕಳೂ ಇದ್ದಾರೆ, ಅವರಿಗೂ ಮೇಳ ಬೇಕು. ಇಂಗ್ಲಿಷ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಮನೆಯಿಂದ ಹೊರಹಾಕಿಸಿಕೊಂಡ ಹಳ್ಳಿಯ ಹುಡುಗನೊಬ್ಬ ತನ್ನ ಬದುಕಿನ ಬಗ್ಗೆ ಒಳ್ಳೆಯ ಮಾತುಗಳನ್ನು ಮೊದಲ ಸಲ ಕೇಳುವುದು ಇಂಥ ವೇದಿಕೆಯಲ್ಲೇ. ಆ ಮಾತು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕಲ್ಲವೇ?

ಜೋಗತಿಯರ ತಂಡಕ್ಕೆ ನೀವು ಕೊಟ್ಟಿದ್ದ ಸಮಯ ಮಧ್ಯಾಹ್ನ ಒಂದು ಗಂಟೆ. ಇಡೀ ದಿನದಲ್ಲಿ ಅಕ್ಕ ಮುಖ ಅರಳಿಸಿದ್ದು ಆಗ. ಅಕ್ಕನಂತೆಯೇ ಟ್ರಾನ್ಸ್‌ಜೆಂಡರ್ ಮಹಿಳೆಯಾದ ಕಲಾವಿದೆ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂದದ್ದು ಅಕ್ಕನಿಗೆ ಸ್ವಂತ ಮನೆಯ ಹಬ್ಬ. ಚೌಡಿಕೆಯ ನಾದ ಕೇಳಿದೊಡನೆ ಮಂಡಿನೋವು ಮರೆತು ಮುಂದಕ್ಕೆ ಹೋಗಿ ನಿಂತರು. ವೇದಿಕೆಗೆ ಮೇಲುಹೊದಿಕೆ ಇರಲಿಲ್ಲ. ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಸು ಕಾದು ಕೆಂಡವಾಗಿತ್ತು. ತಲೆಯ ಮೇಲೆ ಯಲ್ಲಮ್ಮನ ಕೊಡ ಹೊತ್ತ ಆ ಕಲಾವಿದೆಯರು ಬರಿಗಾಲಿನಲ್ಲಿ ಆಡುತ್ತಾ, ಒಂದು ಕಾಲು ಊರಿ ಇನ್ನೊಂದನ್ನು ಬೇಗ ಬೇಗ ಎತ್ತುತ್ತಿದ್ದರು. ನೋಡುವವರು ಅದನ್ನು ಕುಣಿತದ ಗತ್ತು ಎಂದುಕೊಂಡು ಚಪ್ಪಾಳೆ ತಟ್ಟಿದರು. ಚೌಡಿಕೆಗೆ ಮೈಕ್ ಇಟ್ಟಿರಲಿಲ್ಲ, ಹಾಡು ಮೂರನೆಯ ಸಾಲಿನವರಿಗೂ ಕೇಳಿಸಲಿಲ್ಲ. ಹತ್ತು ನಿಮಿಷಕ್ಕೆ ಅವರನ್ನು ಇಳಿಸಿ ದೊಡ್ಡ ಪೆಟ್ಟಿಗೆಗಳಲ್ಲಿ ಸಿನಿಮಾ ಹಾಡು ಹಚ್ಚಿದರು. ಇಳಿದ ಮೇಲೆ ಆ ಐವರೂ ಕಾಲು ತಣ್ಣಗೆ ಮಾಡಿಕೊಳ್ಳಲು ನೆರಳು ಹುಡುಕಿದರು. ಸಿಗಲಿಲ್ಲ.

ನೆರಳು ಇದ್ದದ್ದು ಒಂದೇ ಕಡೆ. ಪ್ರಾಯೋಜಕರಿಗೂ ಗಣ್ಯರಿಗೂ ಎಂದು ಬಲಬದಿಗೆ ಹಾಕಿದ್ದ ಶಾಮಿಯಾನ. ಒಳಗೆ ಬಿಳಿಯ ಗವಸು ತೊಡಿಸಿ, ಬೆನ್ನಿಗೆ ನೇರಳೆ ಬಣ್ಣದ ಪಟ್ಟಿಯನ್ನು ಗಂಟು ಕಟ್ಟಿದ ಕುರ್ಚಿಗಳು. ಹೊಲಿಗೆಯವನ ಕಣ್ಣಿಗೆ ಮೊದಲು ಬಿದ್ದದ್ದು ಆ ಬಟ್ಟೆ. ನಾನು ಎಣಿಸಿದೆ: ಅರವತ್ತು ಕುರ್ಚಿಗಳಲ್ಲಿ ಹನ್ನೊಂದರಲ್ಲಿ ಮಾತ್ರ ಜನರಿದ್ದರು. ಒಂದೇ ಒಂದು ಕುರ್ಚಿಯನ್ನು ಹೊರಗೆ ತೆಗೆದುಕೊಳ್ಳಲೇ ಎಂದು ಅಲ್ಲಿದ್ದವರನ್ನು ಕೇಳಿದೆ. ಆಗುವುದಿಲ್ಲ ಎಂದರು.

ಆ ಹೊತ್ತಿಗೆ ಅಕ್ಕನ ಕೈ ನಡುಗತೊಡಗಿತ್ತು. ಬೆಳಗ್ಗೆ ರೈಲಿನಲ್ಲಿ ಎರಡು ಇಡ್ಲಿ ತಿಂದದ್ದು ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಡಬ್ಬಿ ತರಲು ನಾನು ಬಾಗಿಲಿಗೆ ಓಡಿದೆ. ಹೊರಗೆ ಹೋದರೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು ಎಂದರು. ತಿರುಗಿ ಬರುವಷ್ಟರಲ್ಲಿ, ಕೈಯಿಂದ ಮಾಡಿದ ಕಿವಿಯೋಲೆಗಳನ್ನು ಮಾರುತ್ತಿದ್ದ ಒಬ್ಬ ಹುಡುಗಿ ಅಕ್ಕನನ್ನು ತನ್ನ ಮಡಿಸುವ ಕುರ್ಚಿಯಲ್ಲಿ ಕೂರಿಸಿ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಆಮೇಲೆ ಎರಡು ಗಂಟೆ ಕಾಲ ಆ ಮಗು ನಿಂತುಕೊಂಡೇ ವ್ಯಾಪಾರ ಮಾಡಿತು. ಅವಳ ಹೆಸರು ಕೇಳುವುದನ್ನು ಮರೆತೆ. ಈ ಪತ್ರ ಅವಳ ಕಣ್ಣಿಗೆ ಬಿದ್ದರೆ ನನ್ನ ನಮಸ್ಕಾರ ಅವಳಿಗೆ ಮುಟ್ಟಲಿ.

ಇನ್ನು ಶೌಚಾಲಯದ ವಿಷಯ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಮೈದಾನದ ಮೂಲೆಯಲ್ಲಿ ನಾಲ್ಕು ಸಂಚಾರಿ ಶೌಚಾಲಯಗಳಿದ್ದವು, ಎರಡರ ಮೇಲೆ ಗಂಡಸಿನ ಚಿತ್ರ, ಎರಡರ ಮೇಲೆ ಹೆಂಗಸಿನ ಚಿತ್ರ. ಮೂರು ಗಂಟೆಗೆ ಅಕ್ಕ ಹೆಂಗಸರ ಸಾಲಿನಲ್ಲಿ ನಿಂತರು. ಅವರ ಸರದಿ ಬಂದಾಗ ನೀವು ಬಾಡಿಗೆಗೆ ಕರೆಸಿದ್ದ ಭದ್ರತಾ ಸಿಬ್ಬಂದಿಯೊಬ್ಬರು ಕೈ ಅಡ್ಡ ಹಿಡಿದು "ನೀವು ಆ ಕಡೆ ಹೋಗಿ" ಎಂದು ಗಂಡಸರ ಕಡೆಗೆ ಬೆರಳು ತೋರಿಸಿದರು. ಅಕ್ಕ ಜಗಳ ಮಾಡಲಿಲ್ಲ. ಬಸ್ ನಿಲ್ದಾಣಗಳಲ್ಲಿ, ಆಸ್ಪತ್ರೆಗಳಲ್ಲಿ ಈ ಬೆರಳನ್ನು ಅವರು ನಲವತ್ತು ವರ್ಷ ನೋಡಿದ್ದಾರೆ. ಸೆರಗು ಸರಿಮಾಡಿಕೊಂಡು ಹಿಂತಿರುಗಿ ಬಂದು, "ಹೊರಡೋಣ ತಮ್ಮಾ" ಎಂದರು. ಏನಾಯಿತು ಎಂಬುದನ್ನು ನನಗೆ ಹೇಳಿದ್ದು ಮೈದಾನ ದಾಟಿದ ಮೇಲೆ. ಬೆಳಗಿನಿಂದ ತಡೆದುಕೊಂಡಿದ್ದ ಅವರು ಹತ್ತಿರದ ದರ್ಶಿನಿಯೊಂದರಲ್ಲಿ ಕಾಫಿ ಕೊಂಡು, ಅಲ್ಲಿನ ಮಾಲೀಕರ ದಯೆಯಿಂದ ಒಳಗೆ ಹೋಗಿ ಬಂದರು.

ಗೌರವಾನ್ವಿತರೇ, 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹೂಡಿದ್ದ ನಾಲ್ಸಾ ಪ್ರಕರಣದ ತೀರ್ಪು ಕೊಟ್ಟಿತು. ಗಂಡೋ ಹೆಣ್ಣೋ ತೃತೀಯ ಲಿಂಗವೋ ಎಂಬುದನ್ನು ವ್ಯಕ್ತಿಯೇ ಹೇಳಬೇಕು ಎಂದು ಅದರಲ್ಲಿದೆ. ಟ್ರಾನ್ಸ್‌ಜೆಂಡರ್ ಜನರಿಗೆ ಸಾರ್ವಜನಿಕ ಶೌಚಾಲಯ ಒದಗಿಸಬೇಕು ಎಂದು ಸರ್ಕಾರಗಳಿಗೆ ಕೊಟ್ಟ ನಿರ್ದೇಶನವೂ ಅದೇ ತೀರ್ಪಿನಲ್ಲಿದೆ. ಆ ತೀರ್ಪನ್ನು ಸರ್ಕಾರ ಪಾಲಿಸುತ್ತಿಲ್ಲ ಎಂದು ನಿಮ್ಮ ವೇದಿಕೆಯಿಂದ ಒಬ್ಬ ಭಾಷಣಕಾರರು ಗುಡುಗಿದರು. ಅವರು ಹೇಳಿದ್ದು ಸತ್ಯ. ಅವರು ಅದನ್ನು ಹೇಳುತ್ತಿದ್ದ ಹೊತ್ತಿನಲ್ಲೇ, ಅಲ್ಲಿಂದ ನೂರು ಹೆಜ್ಜೆ ದೂರದಲ್ಲಿ ಅಕ್ಕ ಆ ಸಾಲಿನಲ್ಲಿ ನಿಂತಿದ್ದರು. ಆ ಸಿಬ್ಬಂದಿಯ ಮೇಲೆ ನನಗೆ ಕೋಪವಿಲ್ಲ. ಬೆಳಗ್ಗೆ ಒಬ್ಬರು ಅವರನ್ನು ಕರೆದು ಐದು ನಿಮಿಷ ತಿಳಿಸಿ ಹೇಳಿದ್ದರೆ ಸಾಕಿತ್ತು.

ಕುರ್ಚಿ, ನೆರಳು, ನೀರು, ಇಷ್ಟಕ್ಕೆ ಇಷ್ಟು ದೊಡ್ಡ ಪತ್ರವೇ ಎಂದು ನಿಮ್ಮಲ್ಲಿ ಕಿರಿಯರಿಗೆ ಅನ್ನಿಸಬಹುದು. ನಮ್ಮ ಕಾಲದ ಒಂದು ಸಂಗತಿಯನ್ನು ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಾನು ಬೆಂಗಳೂರಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿದ್ದೆ. ಭಾನುವಾರ ಸಂಜೆ ನಮ್ಮಂಥವರು ಒಬ್ಬರನ್ನೊಬ್ಬರು ಕಂಡು ಮಾತನಾಡಲು ಇದ್ದದ್ದು ಉದ್ಯಾನದ ಬೆಂಚುಗಳು ಮಾತ್ರ. ಬೆಂಚಿನ ಮೇಲೆ ಕುಳಿತು ಹತ್ತು ನಿಮಿಷವಾಗುವಷ್ಟರಲ್ಲಿ ಕಬ್ಬಿಣಕ್ಕೆ ಲಾಠಿ ತಾಗುವ ಸದ್ದು ಕೇಳುತ್ತಿತ್ತು. ಎದ್ದು ನಡೆಯಬೇಕು. ಜೇಬಿನಲ್ಲಿದ್ದದ್ದನ್ನು ಕೊಟ್ಟು ನಡೆಯಬೇಕು. ಇಂಥ ಕಿರುಕುಳಗಳನ್ನೆಲ್ಲ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ವರದಿಯಾಗಿ ಹೊರತಂದಾಗ, ನಮ್ಮ ಪಾಡೂ ಕಾಗದದ ಮೇಲೆ ಬಂತಲ್ಲ ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಂಡೆವು. ಅಕ್ಕನ ಪರಿಚಯವಾದದ್ದೂ ಅಂಥ ಒಂದು ಬೆಂಚಿನ ಮೇಲೆಯೇ. ನನ್ನನ್ನು ಓಡಲು ಬಿಟ್ಟು ಅಂದು ಪೆಟ್ಟು ತಿಂದವರು ಅವರು.

2008ರ ಜೂನ್ 29, ಅದೂ ಭಾನುವಾರವೇ. ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆ. ಅದೇ ದಿನ ದೆಹಲಿಯಲ್ಲೂ ಕೋಲ್ಕತ್ತದಲ್ಲೂ ಜನ ಬೀದಿಗೆ ಇಳಿದಿದ್ದರು. ನಾನು ಮುಖವಾಡ ಹಾಕಿಕೊಂಡು ನಡೆದೆ, ಅಕ್ಕ ಹಾಕಿಕೊಳ್ಳಲಿಲ್ಲ. ಟೌನ್ ಹಾಲ್ ತಲುಪಿದ ಮೇಲೆ ಅಲ್ಲಿನ ಅಗಲವಾದ ಮೆಟ್ಟಿಲುಗಳ ಮೇಲೆ ಇಬ್ಬರೂ ಕುಳಿತುಕೊಂಡೆವು. ನಗರದ ನಟ್ಟನಡುವೆ, ಹಗಲಿನಲ್ಲಿ, ಯಾರೂ ಎಬ್ಬಿಸದೆ ಕುಳಿತದ್ದು ನನ್ನ ಆಯುಸ್ಸಿನಲ್ಲಿ ಅದೇ ಮೊದಲು. ಯಾರೋ ಕಡಲೆಕಾಯಿ ಹಂಚಿದರು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು 377ನೇ ಕಲಮಿನ ತೀರ್ಪು ಬಂದಾಗ ನಾನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅಕ್ಕನಿಗೆ ಫೋನು ಮಾಡಿದೆ. ಅವರು ಕೇಳಿದ ಮೊದಲ ಮಾತು, "ಟೌನ್ ಹಾಲ್ ಮೆಟ್ಟಿಲು ನೆನಪಿದೆಯೇ?"

ಕುರ್ಚಿಯ ಮಾತನ್ನು ನಾನು ಸಣ್ಣದೆಂದುಕೊಳ್ಳದಿರುವುದು ಇದಕ್ಕಾಗಿ. ಅಂದು ಮೆರವಣಿಗೆಯಲ್ಲಿ ನಡೆದವರಿಗೆ ಈಗ ವಯಸ್ಸಾಗಿದೆ. ಮಂಡಿ ಸವೆದಿದೆ, ಸಕ್ಕರೆ ಬಂದಿದೆ, ಹಲವರಿಗೆ ಜೊತೆಗಿರಲು ಮಕ್ಕಳಿಲ್ಲ, ಬಂಧುಗಳಿಲ್ಲ. ವರ್ಷಕ್ಕೆ ಒಂದೆರಡು ಸಲ ನಮ್ಮವರ ಮುಖ ನೋಡಲು ನಮಗಿರುವುದು ಇಂಥ ಮೇಳಗಳೇ. ನಿಮ್ಮ ಮೇಳ ಎರಡು ಕಾಲಿನಲ್ಲಿ ಗಟ್ಟಿಯಾಗಿ ಎಂಟು ಗಂಟೆ ನಿಲ್ಲಬಲ್ಲವರಿಗೆ, ಇಂಗ್ಲಿಷ್ ಬಲ್ಲವರಿಗೆ, 250 ರೂಪಾಯಿಯ ಊಟ ಕೊಳ್ಳಬಲ್ಲವರಿಗೆ ಚೆನ್ನಾಗಿತ್ತು. ಊರುಗೋಲು ಹಿಡಿದು ಬಂದ ಒಬ್ಬ ಹುಡುಗ ಮೈದಾನದ ಜಲ್ಲಿಯಲ್ಲಿ ಅರ್ಧ ದಾರಿ ಹೋಗಿ ಹಿಂದಿರುಗಿದ್ದನ್ನೂ ನಾನು ನೋಡಿದ್ದೇನೆ.

ಆದ್ದರಿಂದ ನನ್ನ ಬೇಡಿಕೆಗಳನ್ನು ನಿಮ್ಮ ಮುಂದೆ ಇಡುತ್ತೇನೆ. ಎಲ್ಲಕ್ಕಿಂತ ಮೊದಲು ಶೌಚಾಲಯ. ಗಂಡಸಿನ ಚಿತ್ರ, ಹೆಂಗಸಿನ ಚಿತ್ರ ಇಲ್ಲದ, ಯಾರು ಬೇಕಾದರೂ ಬಳಸಬಹುದಾದ ಶೌಚಾಲಯಗಳನ್ನು ಜನಸಂಖ್ಯೆಗೆ ತಕ್ಕಷ್ಟು ಇಡಿ. ಭದ್ರತೆಗೆ ಬರುವವರಿಗೆ ಹಿಂದಿನ ದಿನವೇ ತಿಳಿವಳಿಕೆ ಕೊಡಿ, ಸಾಧ್ಯವಾದರೆ ನಮ್ಮ ಸಮುದಾಯದವರನ್ನೇ ಆ ಕೆಲಸಕ್ಕೆ ಕೂಲಿ ಕೊಟ್ಟು ನೇಮಿಸಿ. ಅಕ್ಕನಿಗೆ ಆದದ್ದಕ್ಕೆ ಸಮಿತಿಯಿಂದ ಕ್ಷಮೆಯ ಒಂದು ಮಾತು, ಕನ್ನಡದಲ್ಲಿ, ಬರಬೇಕು. ಅವರು ಇದನ್ನು ಕೇಳಿಲ್ಲ. ಕೇಳುತ್ತಿರುವವನು ನಾನು.

ನೆರಳು ಮತ್ತು ಕುರ್ಚಿ ಎಲ್ಲರಿಗೂ ಇರಲಿ. ಗಣ್ಯರ ಶಾಮಿಯಾನವನ್ನು ತೆಗೆಯಿರಿ ಎನ್ನುವುದಿಲ್ಲ, ಅದರ ಪಕ್ಕದಲ್ಲಿ ಹಿರಿಯರಿಗೆ, ಕಾಯಿಲೆಯವರಿಗೆ, ಅಂಗವಿಕಲರಿಗೆ ಅಷ್ಟೇ ದೊಡ್ಡದನ್ನು ಹಾಕಿಸಿ. ಅದು ಧ್ವನಿವರ್ಧಕಗಳಿಂದ ಆದಷ್ಟು ದೂರವಿರಲಿ. ನೀರು ಉಚಿತವಾಗಿ, ಸಂಜೆಯವರೆಗೂ ಸಿಗಲಿ. ಮನೆಯಿಂದ ತಂದ ಬುತ್ತಿಯನ್ನು ಕಸಿದುಕೊಳ್ಳಬೇಡಿ. ಕಲಾವಿದರನ್ನು ಬಿಸಿಲಿನ ಹೊತ್ತಿಗೆ ಏರಿಸಬೇಡಿ, ಚೌಡಿಕೆಗೂ ಒಂದು ಮೈಕ್ ಇಡಿ.

ಬಾಗಿಲಲ್ಲಿ, ನಮೂನೆಯಲ್ಲಿ, ಕಾನೂನು ಮೇಜಿನಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರಲಿ. ಮೊಬೈಲ್ ಇಲ್ಲದವರಿಗೆ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಂಡು ಒಳಗೆ ಬಿಡಿ. ಜಿಲ್ಲೆಗಳಿಂದ ಕೈಕೆಲಸ ಹೊತ್ತು ಬರುವವರಿಗೆ ಹತ್ತು ಮೇಜುಗಳನ್ನು ಬಾಡಿಗೆಯಿಲ್ಲದೆ ಕೊಡಿ. ಹತ್ತು ಆಗದಿದ್ದರೆ ಒಂದು ಉದ್ದನೆಯ ಜಮಖಾನ ಹಾಸಿ, ಸಂತೆಯಲ್ಲಿ ಕುಳಿತಂತೆ ಸಾಲಾಗಿ ಕುಳಿತು ಮಾರುತ್ತೇವೆ. ದೊಡ್ಡ ಮಳಿಗೆಗಳ ದರವನ್ನು ಅಷ್ಟಿಷ್ಟು ಏರಿಸಿದರೆ ಇದರ ಖರ್ಚು ಹೊರಡುತ್ತದೆ ಎಂಬುದು ನನ್ನ ಲೆಕ್ಕ.

ಬರೀ ಕೇಳಿ ಸುಮ್ಮನಾಗುವುದು ನನಗೂ ಸರಿಕಾಣದು. ನನ್ನ ಬಳಿ ಎರಡು ಹೊಲಿಗೆ ಯಂತ್ರಗಳಿವೆ. ಬಟ್ಟೆ ಕೊಡಿಸಿದರೆ ನೆರಳಿನ ಪರದೆಗಳನ್ನು, ಕನ್ನಡದ ಬಟ್ಟೆ ಫಲಕಗಳನ್ನು ಕೂಲಿ ಪಡೆಯದೆ ಹೊಲಿದುಕೊಡುತ್ತೇನೆ. ಮೇಳದ ಹಿಂದಿನ ದಿನವೇ ಬಂದು ಕಟ್ಟುವುದಕ್ಕೂ ಕೈ ಹಾಕುತ್ತೇನೆ. ರಾಯಚೂರಿನ ಹುಡುಗಿ ಬಾಗಿಲಲ್ಲಿ ಕೂರಲು ಒಪ್ಪಿದ್ದಾಳೆ. ನಿಮ್ಮ ಮುಂದಿನ ಸಭೆಯಲ್ಲಿ ಜಿಲ್ಲೆಯವರಿಗೆ ಎರಡು ಸ್ಥಾನ ಕೊಟ್ಟು, ಸಭೆಯ ದಿನ ತಿಳಿಸಿದರೆ ಬರುತ್ತೇವೆ.

ಇನ್ನೊಂದು ವಿಷಯ ಬರೆಯುವುದು ಉಳಿದಿತ್ತು. ಸಂಜೆ ಬಾಗಿಲಲ್ಲಿ ಗಂಟುಗಳನ್ನು ತೆಗೆದುಕೊಳ್ಳುವಾಗ ಒಂದು ಒದ್ದೆಯಾಗಿತ್ತು. ಮೇಜಿನ ಮೇಲೆ ರಾಶಿ ಹಾಕಿದ್ದ ನೀರಿನ ಬಾಟಲಿಗಳಲ್ಲಿ ಯಾವುದೋ ಸೋರಿ ಆರು ಬಣ್ಣದ ಕೌದಿ ನೆನೆದಿತ್ತು. ಕೆಂಪು ಪಟ್ಟಿಯ ಬಣ್ಣ ಹರಿದು ಕಿತ್ತಳೆಯನ್ನೂ ಹಳದಿಯನ್ನೂ ಕೆಡಿಸಿದೆ. ಅಕ್ಕ ಈಗ ಆ ಮೂರು ಪಟ್ಟಿಗಳ ಹೊಲಿಗೆಯನ್ನು ಬಿಚ್ಚುತ್ತಿದ್ದಾರೆ. ಬಣ್ಣ ಬಿಡದ ಬಟ್ಟೆಯನ್ನು ನಾನು ಈ ಸಲ ಮೊದಲೇ ಒಗೆದು, ಒಣಗಿಸಿ ಕಳಿಸಿದ್ದೇನೆ. ಮುಂದಿನ ಮೇಳದ ಹೊತ್ತಿಗೆ ಕೌದಿ ಸಿದ್ಧವಾಗಿರುತ್ತದೆ. ಅದನ್ನು ಒಳಗೆ ತರಬಹುದೇ ಎಂಬುದನ್ನು ದಯವಿಟ್ಟು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಅರಸೀಕೆರೆಯ ಒಬ್ಬ ಹೊಲಿಗೆಯವನು